ಸೈಡ್‌ವಿಂಗಿನ ಮಾತು

"ಇನ್ನೂ ಚೂರು ಮುಂದೆ ತನ್ನಿ, ಲೈಟು ಮುಖಕ್ಕೆ ಬೀಳ್ಬೇಕಲ್ಲ" ಎಂದು ಹಳೇ ವಿದ್ಯಾರ್ಥಿ ಜಾಸಿರ್ ಹೇಳಿದ ಮೇಲೆ, ತ್ಯಾಂಪಣ್ಣ ಮಾಸ್ಟ್ರನ್ನು ಮಲಗಿಸಿದ್ದ ಬೆಂಚನ್ನು ಹೈಸ್ಕೂಲಿನ ಸ್ಟೇಜಿನ ನಡುವಿಗೆ ಜರುಗಿಸಿದರು. ಹಿಂದಿನ ಸಂಜೆ ಹಾಸಿಗೆಯಲ್ಲಿ ಚಹಾ ಕುಡಿಸುತ್ತಿರುವಾಗಲೇ ಅವರ ಜೀವ ಹೋಗಿತ್ತು. ಮನೆಯಿಂದಲೇ ಸ್ಮಶಾನಕ್ಕೆ ಒಯ್ಯುವ ಎಂದಿದ್ದಳು ಮಗಳು ಅಕ್ಷಿತಾ. ಹಳೇ ವಿದ್ಯಾರ್ಥಿಗಳು ಕೇಳಲಿಲ್ಲ. ರಿಟೈರ್ ಆಗುವವರೆಗೂ ಮಾಸ್ಟ್ರು ಮಕ್ಕಳಿಂದ ನಾಟಕ ಆಡಿಸಿದ ಸ್ಟೇಜು, ಅಲ್ಲಿಂದಲೇ ಹೊರಡಬೇಕು ಎಂದರು. ಪುತ್ತೂರಿನಿಂದ ಹೊಸ ಜುಬ್ಬಾ ತಂದು ತಾವೇ ತೊಡಿಸಿದ್ದರು.

ಬಾಯಿಗೆ ಬಿಡಲು ತುಳಸಿ ನೀರಿನ ಲೋಟ ಹಿಡಿದು ಅಕ್ಷಿತಾ ಬಂದರೆ, ಅವಳ ತಾಯಿ ಪಂಕಜಾಕ್ಷಿಯೇ ತಡೆದರು. ಪ್ರೀತಿಕಾಳ ಕಾರು ಕುಂಬ್ರ ದಾಟಿದೆಯಂತೆ, ಮೊದಲು ಅವಳು ಬಿಡಲಿ ಎಂದರು. ಪ್ರೀತಿಕಾ ಮಾಸ್ಟ್ರ ಶಿಷ್ಯೆ. ಈಗ ಸೀರಿಯಲ್ಲಿನಲ್ಲಿ ದಿನಾ ಅಳುವ ಸೊಸೆ.

ಲೋಟ ಹಿಡಿದುಕೊಂಡೇ ಅಕ್ಷಿತಾ ಸ್ಟೇಜಿನ ಬದಿಯ ಮರೆಗೆ, ಸೈಡ್‌ವಿಂಗಿಗೆ ಸರಿದಳು. ಪರದೆಯ ಹಗ್ಗ ಇನ್ನೂ ಅದೇ ಮೊಳೆಗೆ ಸುತ್ತಿಕೊಂಡಿತ್ತು. ಅಲ್ಲಿ ಜಾಸಿರ್ ಮತ್ತು ಅವನೊಟ್ಟಿಗೆ ನಾಟಕ ಆಡುತ್ತಿದ್ದ ಶಮೀನಾ ಹಳೆಯದನ್ನು ನೆನೆದು ನಗುತ್ತಿದ್ದರು. ಅಳುವ ದೃಶ್ಯಕ್ಕೆ ನೂಕುವ ಮೊದಲು ಮಾಸ್ಟ್ರು ಶಮೀನಾಳ ಕಿವಿಯಲ್ಲಿ, ಆಸ್ಪತ್ರೆಯಲ್ಲಿದ್ದ ಅವಳ ತಾಯಿ ಹೋಗಿಬಿಟ್ಟರು ಎಂದಿದ್ದರಂತೆ.

"ನಂಗೆ, ನಿನ್ನ ಅಪ್ಪ ದುಬೈಯಲ್ಲಿ ಬೇರೆ ಸಂಸಾರ ಮಾಡಿದ್ದಾನೆ, ಇನ್ನು ಬರುದಿಲ್ಲ ಅಂದ್ರು" ಎಂದ ಜಾಸಿರ್. "ಅತ್ತದ್ದೇ ಅತ್ತದ್ದು ಮಾರಾಯ್ತಿ. ತಾಲೂಕಿಗೆ ಫಸ್ಟ್. ಸೀನು ಮುಗಿಸಿ ಬಂದ್ರೆ ಜೇಬಿಂದ ಪೆಪ್ಪರಮಿಂಟು ಕೊಟ್ಟು, ಸುಳ್ಳು ಮಾರಾಯ, ನಾಟಕಕ್ಕೆ ಹೇಳಿದ್ದು ಅಂತಿದ್ರು. ನಿಂಗೆ ಎಂತ ಹೇಳಿದ್ದು ಅಕ್ಷಿತಾ?"

ಪೆಪ್ಪರಮಿಂಟಿನ ವಿಷಯ ಅಕ್ಷಿತಾಳಿಗೆ ಗೊತ್ತೇ ಇರಲಿಲ್ಲ.

*

ಒಂಬತ್ತನೇ ಕ್ಲಾಸಿನಲ್ಲಿ ಅವಳಿಗೂ ಒಂದು ಪಾತ್ರ ಸಿಕ್ಕಿತ್ತು. ಸತ್ತ ತಾಯಿಯ ಮುಂದೆ ಅಳುವ ಮಗಳು. ಎಷ್ಟು ಪ್ರಾಕ್ಟೀಸು ಮಾಡಿಸಿದರೂ ಕಣ್ಣೀರು ಬರಲಿಲ್ಲ. ಕೊನೆಗೆ ವೇಷ ಹಾಕಿಸಿದ ಪ್ರಾಕ್ಟೀಸಿನ ದಿನ ಅಪ್ಪ ಇದೇ ಮೂಲೆಯಲ್ಲಿ ಬಗ್ಗಿ ಅವಳ ಕಿವಿಯಲ್ಲಿ ಹೇಳಿದರು: "ನೀನು ಬೇಡ ಅಂತಲೇ ಇದ್ದದ್ದು. ತೆಗೆಸ್ಲಿಕ್ಕೆ ಹೋಗಿದ್ದೆವು. ತಡ ಆಯ್ತು ಅಂದ್ರು ಡಾಕ್ಟ್ರು."

ಸ್ಟೇಜಿಗೆ ಹೋದವಳಿಗೆ ಮಾತೂ ಮರೆತುಹೋಯಿತು. ಅಪ್ಪ ಇನ್ನೇನಾದರೂ ಹೇಳುತ್ತಾರೆಂದು ವಿಂಗಿನ ಕಡೆಗೇ ನೋಡುತ್ತ ನಿಂತುಬಿಟ್ಟಳು. "ಕಲ್ಲು" ಎಂದರು ಅವರು. ಅವಳ ಲಂಗ ಬಿಚ್ಚಿಸಿ ಪ್ರೀತಿಕಾಳಿಗೆ ಉಡಿಸಿ, ಇವಳ ಕೈಗೆ ಪರದೆಯ ಹಗ್ಗ ಕೊಟ್ಟರು. ಮನೆಯ ದಾರಿಯುದ್ದಕ್ಕೂ ಪ್ರೀತಿಕಾಳ ಕಣ್ಣೀರನ್ನು ಹೊಗಳುತ್ತ ನಡೆದರು. ಹೇಳಿದ್ದು ಸುಳ್ಳು ಎಂಬ ಒಂದು ಮಾತಿಗಾಗಿ ಅಕ್ಷಿತಾ ಕಾದಳು. ಅವರು ಹಾಸಿಗೆ ಹಿಡಿದ ಮೇಲೆ ಮೈ ಒರೆಸುವಾಗ, ಬಾಯಿಗೆ ಗಂಜಿ ಹಿಡಿಯುವಾಗಲೂ ಕಾದಳು.

*

ಅಕ್ಷಿತಾ ಸ್ಟೇಜಿನಿಂದ ಇಳಿದು, ಮುಂದಿನ ಸಾಲಿನಲ್ಲಿ ಕೂತಿದ್ದ ತಾಯಿಯ ಪಕ್ಕ ಬಂದು ಕೂತಳು.

"ಅಮ್ಮ, ನಾನು ಬೇಡ ಅಂತ ಇತ್ತು ಅಂತ ಅಪ್ಪ ಒಮ್ಮೆ ಹೇಳಿದ್ರು. ನಾಟಕಕ್ಕೆ ಹೇಳಿದ್ದಾ ಅದು?"

ಪಂಕಜಾಕ್ಷಿಯ ಕಣ್ಣು ಗೇಟಿನ ಮೇಲಿತ್ತು. "ನಾಟಕಕ್ಕೆ ಎಂತಕ್ಕೆ? ಬೇಡ ಅಂತಲೇ ಇದ್ದದ್ದು. ಹುಟ್ಟಿದ ಮೇಲೆ ಬಿಸಾಡಿದೆವಾ? ಸಾಕಿದೆವಲ್ಲ. ಏಳು, ಕಾರು ಬಂತು."

ಪ್ರೀತಿಕಾ ಅಕ್ಷಿತಾಳ ಕೈಯ ಲೋಟದಿಂದಲೇ ಮಾಸ್ಟ್ರ ಬಾಯಿಗೆ ನೀರು ಬಿಟ್ಟಳು, ಎದೆಗೆ ಹಣೆ ಹಚ್ಚಿದಳು. ಆಮೇಲೆ ಫೋನುಗಳಿಗೆ ಮುಖ ಸಿಗುವಂತೆ ಸ್ಟೇಜಿನ ಅಂಚಿಗೆ ಬಂದು, "ನನ್ನಪ್ಪ ಹೋದ್ರು" ಎಂದು ಬಿಕ್ಕಿದಳು. ಸಭೆಗೆ ಸಭೆಯೇ ಅತ್ತಿತು. ಸ್ವಂತ ಮಗಳ ಕಣ್ಣಲ್ಲಿ ಒಂದು ಹನಿ ಉಂಟಾ ನೋಡಿ ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದದ್ದು, ಲೋಟ ಹಿಡಿದು ಮತ್ತೆ ವಿಂಗಿಗೆ ಬಂದು ನಿಂತಿದ್ದ ಅಕ್ಷಿತಾಳಿಗೂ ಕೇಳಿಸಿತು.

ಅಳು ಏರಿದಲ್ಲೇ ಪರದೆ ಬೀಳಬೇಕು, ಇಳಿಯಲು ಬಿಡಬಾರದು. ಅಪ್ಪ ಅವಳಿಗೆ ಕಲಿಸಿದ ವಿದ್ಯೆ ಅದೊಂದೇ. ಅಕ್ಷಿತಾ ಮೊಳೆಯಿಂದ ಹಗ್ಗ ಬಿಚ್ಚಿ ಎಳೆದಳು. ಪರದೆ ಪ್ರೀತಿಕಾಳ ಬೆನ್ನ ಹಿಂದೆ ಸರಸರನೆ ಬಂದು ಕೂಡಿಕೊಂಡಿತು.

ಹೊರಗೆ ಅಭ್ಯಾಸಬಲದಿಂದ ಯಾರೋ ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ತಟ್ಟಿದರು. ಆಮೇಲೆ ಇಡೀ ಸಭೆ.

ಒಳಗೆ ಅಕ್ಷಿತಾ ಲೋಟವನ್ನು ನೆಲಕ್ಕಿಟ್ಟು ಅಪ್ಪನ ಮೇಲೆ ಬಗ್ಗಿದಳು. ಹೂವಿನ ಹಾರವನ್ನು ಪಕ್ಕಕ್ಕೆ ಸರಿಸಿ ಜುಬ್ಬಾದ ಜೇಬಿಗೆ ಎರಡು ಬೆರಳು ಹಾಕಲು ನೋಡಿದಳು. ಬೆರಳು ಹೋಗಲಿಲ್ಲ. ಹೊಸ ಬಟ್ಟೆ, ಜೇಬಿನ ಬಾಯಿಗೆ ಹಾಕಿದ ಹೊಲಿಗೆಯನ್ನು ಯಾರೂ ಬಿಚ್ಚಿರಲಿಲ್ಲ.