ಕೊಡವಿದ ಹಿಮ

ಕಡಲಂಚಿನ ಮಾಜಂದರಾನಿನ ನಮ್ಮ ಊರಿನಲ್ಲಿ ಹಿಮ ಬಿದ್ದರೆ ಯಾರೂ ಮನೆಯೊಳಗೆ ಕೂರುವುದಿಲ್ಲ. ಕಿತ್ತಳೆ ಕೊಂಬೆ ಭಾರಕ್ಕೆ ಮುರಿಯಬಾರದೆಂದು ಉದ್ದನೆಯ ಕೋಲು ಹಿಡಿದು ಹಿಮ ಕೊಡವುತ್ತೇವೆ. ಕೊಡವದವನು ಸೋಮಾರಿ. ನನ್ನ ತಮ್ಮ ಐನುಲ್ಲಾ ಎಂದೂ ಕೊಡವಿದವನಲ್ಲ.

ಅಮ್ಮ ಸತ್ತ ಮೇಲೆ ಬೇಲಿಯ ವಿಷಯಕ್ಕೆ ಜಗಳವಾಗಿ ನಾವಿಬ್ಬರೂ ಒಂಬತ್ತು ವರ್ಷ ಮಾತು ಬಿಟ್ಟಿದ್ದೆವು. ತಪ್ಪು ಅವನದೇ ಎನ್ನುವ ಚಟ ನನಗಿನ್ನೂ ಹೋಗಿಲ್ಲ. ಈ ಸಲ ಹಿಮ ಬಿದ್ದ ಸಂಜೆ ಅವನು ಮಗಳ ಊರಿಗೆ ಹೋಗಿದ್ದ. ನನ್ನ ಹಣ್ಣು ವಾರದ ಹಿಂದೆಯೇ ಕಿತ್ತಾಗಿತ್ತು. ಬೇಲಿಯಾಚೆ ಅವನ ಮರಗಳು ಬಿಳಿ ಹೊದ್ದು ನಿಂತಿದ್ದವು. ಒಳಗೆ ಅಲ್ಲಲ್ಲಿ ಹಣ್ಣು, ಮುಸುಕೆಳೆದು ಮಲಗಿದ ಮಕ್ಕಳ ಹಾಗೆ. ಕಡಲಿನ ಸದ್ದೂ ಇರಲಿಲ್ಲ. ನಿದ್ದೆಯಲ್ಲಿ ನಡೆದವಳಂತೆ ಬೇಲಿ ದಾಟಿದೆ. ಕೋಲು ತಾಗಿದಾಗಲೆಲ್ಲ ಹಿಮ ಮೆತ್ತಗೆ ಜಾರಿ ನನ್ನ ಕೂದಲಲ್ಲಿ ಕೂರುತ್ತಿತ್ತು. ನಲವತ್ತು ಮರವನ್ನೂ ಕೊಡವಿದೆ. ಬಹಳ ಖುಷಿಯಾಗಿತ್ತು.

ಅಂದು ರಾತ್ರಿ ಮೋಡ ಸರಿದು, ಬೆತ್ತಲೆ ಹಣ್ಣಿನ ಮೇಲೆ ಕೊರೆಯುವ ಚಳಿ ಇಳಿಯಿತು.

ಐದನೇ ದಿನ ಬೆಳಿಗ್ಗೆ ಐನುಲ್ಲಾ ಬುಟ್ಟಿ ತುಂಬ ಕಿತ್ತಳೆ ಹಿಡಿದು ನನ್ನ ಬಾಗಿಲಲ್ಲಿ ನಿಂತಿದ್ದ. ಹಣ್ಣು ಕೊಯ್ದು ನೋಡಿ ತೂಬಾ ಹೇಳಿದಳೆಂದರೆ ಮುಗಿಯಿತು ಎಂದು ನನ್ನ ಬಗ್ಗೆ ಹೇಳುತ್ತದೆ ಊರು.

"ಸ್ವಲ್ಪ ನೋಡಕ್ಕ," ಎಂದ, ನೆಲ ನೋಡುತ್ತ.

"ಒಂಬತ್ತು ವರ್ಷಕ್ಕೆ ನಾಲಿಗೆ ಬಂತಾ?"

"ನಾಲಿಗೆ ಇತ್ತು. ಕೇಳೋರಿರಲಿಲ್ಲ."

ಹೊರಗೆ ಹಣ್ಣು ಬಂಗಾರ. ನಡುವೆ ಕತ್ತರಿಸಿದೆ. ತೊಳೆಗಳ ಪೊರೆಯ ಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆ, ಚಳಿ ಬಡಿದ ಗುರುತು. ಚಳಿ ಹದವಾಗಿದ್ದರೆ ಹಣ್ಣು ಮೆಲ್ಲಗೆ ಉಸಿರಾಡುತ್ತ ನಿದ್ದೆ ಮಾಡುತ್ತದೆ. ಒಳಗಿನ ರಸವೇ ಹೆಪ್ಪುಗಟ್ಟಿದರೆ ಒಡಲು ಸೀಳಿಹೋಗುತ್ತದೆ. ಕರಗಿದ ಮೇಲೆ ಏದುಸಿರು ಬಿಡುತ್ತ ತನ್ನ ಹುಳಿಯನ್ನು ತಾನೇ ತಿಂದು ಮುಗಿಸುತ್ತದೆ. ಮೂಗಿಗೆ ಹಿಡಿದೆ. ಸಣ್ಣಗೆ ಹೆಂಡದ ವಾಸನೆ. ಇನ್ನು ಕೆಲವು ವಾರಕ್ಕೆ ರಸ ಬತ್ತಿ ಒಳಗೆಲ್ಲ ಒಣ ಹತ್ತಿ.

"ನೌರೂಜ್ ಹಬ್ಬದ ತನಕ ಮರದಲ್ಲೇ ಬಿಡೋಣ ಅಂತಿದ್ದೆ," ಎಂದ. "ಹಿಮ ಮೇಲೇ ಇದ್ದಿದ್ರೆ ಕಂಬಳಿ ಥರ ಕಾಯ್ತಿತ್ತು. ಗಾಳಿಗೆ ಉದುರಿರಬೇಕು, ಅಲ್ವಾ?"

ಹೂಂ ಎಂದುಬಿಟ್ಟರೆ ತಪ್ಪೆಲ್ಲ ಗಾಳಿಯ ತಲೆಗೆ ಹೋಗುತ್ತಿತ್ತು. ನಿಜ ಹೇಳಿದರೆ ಇವನು ಇನ್ನೆಂದೂ ನನ್ನ ಹೊಸಿಲು ತುಳಿಯುವುದಿಲ್ಲ ಎಂದು ಹೆದರಿದೆ.

"ಗಾಳಿ ಅಲ್ಲ ಕಣೋ. ನಾನೇ ಕೊಡವಿದ್ದು. ಒಳ್ಳೇದಾಗ್ಲಿ ಅಂತ."

"ಗೊತ್ತು," ಎಂದ. "ಮಾರನೇ ಬೆಳಿಗ್ಗೆ ಬಂದು ನೋಡಿದೆ. ಮರಮರದ ಬುಡದಲ್ಲೂ ಹೆಜ್ಜೆ. ಎಡಗಾಲು ಎಳ್ಕೊಂಡು ನಡೆಯೋಳು ಊರಲ್ಲಿ ನೀನೊಬ್ಬಳೇ. ಅದು ಕರಗೋ ತನಕ ದಿನಾ ಹೋಗಿ ನೋಡ್ತಿದ್ದೆ."

"ಮತ್ತೆ ಗಾಳಿ ಅಂದ್ಯಲ್ಲ?"

"ನಿಂಗೆ ಸುಲಭ ಆಗ್ಲಿ ಅಂತ."

ನನಗೆ ಅಳು ಬಂತು, ಅತ್ತುಬಿಟ್ಟೆ. ಆಮೇಲೆ ಇಬ್ಬರೂ ಎದುರುಬದುರು ಕೂತು ಹಣ್ಣು ಹಿಂಡತೊಡಗಿದೆವು. ಒಣಗುವ ಮೊದಲು ನಲವತ್ತು ಮರದ ರಸ ತೆಗೆಯಬೇಕಿತ್ತು.