ಕಾಗೆಯ ಪಾಲು

ಕಾವಲಿಯಿಂದ ಎದ್ದ ಮೊದಲ ದೋಸೆ ಮನೆಯವರಿಗಲ್ಲ, ಕಾಗೆಗೆ. ಉಡುಪಿ ಕಡೆಯಿಂದ ತಮಿಳು ಸೀಮೆಗೆ ಬಂದು ಕ್ರೋಂಪೇಟೆಯಲ್ಲಿ ಹೋಟೆಲಿಟ್ಟ ಮಾವನವರ ಕಾಲದಿಂದ ನಡೆದುಬಂದ ಪದ್ಧತಿ. ಸರಸಮ್ಮ ಅದನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಆದರೆ ಫ್ಲ್ಯಾಟಿಗೆ ಬಂದಮೇಲೆ ಪಾರಿವಾಳಗಳ ಕಾಟಕ್ಕೆ ಬಾಲ್ಕನಿಗೆ ಬಲೆ ಕಟ್ಟಿಸಿದರು. ಕಾಗೆ ಬರುವ ದಾರಿಯೂ ಮುಚ್ಚಿತು. ಒಳಗೆ ಪಂಜರದಿಂದ ಸೊಸೆ ವೀಕ್ಷಾ ಸಾಕಿದ, ಜುಟ್ಟು ಎಂಬ ಹೆಸರಿನ ಕಾಕಟೀಲ್ ಗಿಳಿ ಕತ್ತು ಕೊಂಕಿಸಿ ನೋಡುತ್ತಿತ್ತು. ಕಾಗೆಯಾದರೇನು, ಗಿಳಿಯಾದರೇನು, ಪಿತೃಗಳಿಗೆ ರೆಕ್ಕೆಯಿದ್ದರೆ ಸಾಕು ಅಂದುಕೊಂಡು ಸರಸಮ್ಮ ತುಪ್ಪ ಸವರಿದ ತುಂಡನ್ನು ಅದಕ್ಕೆ ನೀಡಿದಳು. ಹಕ್ಕಿ ತಿಂದದ್ದು ಕಂಡು ಅವಳ ಹೊಟ್ಟೆ ತಣ್ಣಗಾಯಿತು. ದೋಸೆಯ ಹಿಂದೆ ವಡೆಯೂ ಹೋಯಿತು, ಈರುಳ್ಳಿ ಬಜ್ಜಿಯೂ ಹೋಯಿತು.

ವೀಕ್ಷಾ ಇಡುತ್ತಿದ್ದ ಕ್ಯಾರೆಟ್ ತುರಿ, ನುಗ್ಗೆಸೊಪ್ಪು, ಮೊಳಕೆ ಹೆಸರುಕಾಳನ್ನು ಜುಟ್ಟು ಮೂಸಿಯೂ ನೋಡದಾಯಿತು. "ಅದಕ್ಕೂ ಪಥ್ಯವಾ ಮಾರಾಯ್ತಿ? ಬಾಣಂತಿಯಾ ಅದು?" ಎಂದು ಸರಸಮ್ಮ ನೆಂಟರೆದುರೇ ಸೊಸೆಯನ್ನು ಚುಚ್ಚಿದ್ದಳು. ವೀಕ್ಷಾ ನಕ್ಕು ಪಂಜರ ತೊಳೆಯಲು ಎದ್ದಿದ್ದಳು.

ಹಕ್ಕಿ ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಮುದುರಿ ಕೂತ ದಿನ ಇಬ್ಬರೂ ಡಾಕ್ಟರ ಬಳಿ ಓಡಿದರು. ಲಿವರ್ ಊದಿದೆ ಎಂದ ಡಾಕ್ಟರು, ಏನೇನು ತಿನ್ನಿಸುತ್ತೀರಿ ಎಂದು ತಮಿಳಿನಲ್ಲಿ ಕೇಳಿದರು. ವೀಕ್ಷಾ ಹೇಳಿದ್ದನ್ನು ಅವರು ನಂಬಲಿಲ್ಲ. ಸೊಪ್ಪು, ಕಾಳು ತಿಂದ ಹಕ್ಕಿಗೆ ಹೀಗಾಗುವುದಿಲ್ಲ. ನಿಜ ಹೇಳದಿದ್ದರೆ ಉಳಿಸುವುದು ಕಷ್ಟ ಅಂದರು. ಸರಸಮ್ಮ ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸದ ಮನೆಯವಳು ತಾನು. ಉಣಿಸಿಯೇ ಹಕ್ಕಿಯನ್ನು ಈ ಸ್ಥಿತಿಗೆ ತಂದೆನೆಂದು ಯಾವ ಬಾಯಲ್ಲಿ ಹೇಳುವುದು?

ವೀಕ್ಷಾ ತಲೆ ತಗ್ಗಿಸಿ, ತಾನೇ ದಿನಾ ತುಪ್ಪದ ದೋಸೆ, ವಡೆ ಕೊಡುತ್ತಿದ್ದೆ ಅಂದಳು. ಬಜ್ಜಿಯನ್ನೂ ಬಿಡದೆ ಹೇಳಿದಳು. ಹಕ್ಕಿಗೆ ಅಷ್ಟು ಉಪ್ಪು, ಎಣ್ಣೆಯೇ? ಈರುಳ್ಳಿಯಂತೂ ವಿಷ, ಓದಿದವಳಿಗೆ ಇಷ್ಟೂ ತಿಳಿಯದೇ ಎಂದು ಡಾಕ್ಟರು ಝಾಡಿಸಿದರು. ಸರಸಮ್ಮ ಕೈಚೀಲದ ಜಿಪ್ಪನ್ನೇ ನೋಡುತ್ತ ಕೂತಳು.

ಆಟೋದಲ್ಲಿ ಪಂಜರ ಇಬ್ಬರ ನಡುವೆ ಇತ್ತು.

"ನಿನಗೆ ಗೊತ್ತಿತ್ತಾ?" ಎಂದಳು ಸರಸಮ್ಮ.

"ಪಂಜರ ತೊಳೆಯುವವಳು ನಾನಲ್ವಾ ಅತ್ತೆ? ಪಿತೃಗಳ ಪಾಲು ಅಂತ ಕೊಡ್ತಿದ್ರಿ. ಬೇಡ ಹೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ."

ಧೈರ್ಯ ಬಾರದಂತೆ ಮಾಡಿದವರು ಯಾರೆಂದು ಸರಸಮ್ಮ ಕೇಳಲಿಲ್ಲ.

ಮನೆಯಲ್ಲಿ ಮಗ ಸಂದೇಶ್, ಒಂದು ಹಕ್ಕಿ ನೋಡಿಕೊಳ್ಳಲಾಗಲಿಲ್ಲವೇ ಎಂದು ಹೆಂಡತಿಯ ಮೇಲೆ ರೇಗಿದ. ವೀಕ್ಷಾ ಬಾಯಿ ತೆರೆಯುವ ಮೊದಲೇ ಸರಸಮ್ಮ ಅಂದಳು: "ನಾನು ಕೊಟ್ಟದ್ದು. ಡಾಕ್ಟರ ಎದುರು ಅವಳು ತಪ್ಪನ್ನು ತನ್ನ ಮೈಮೇಲೆ ಹಾಕಿಕೊಂಡಾಗಲೂ ಸುಮ್ಮನೆ ಕೂತೆ."

ಹೇಳಿಬಿಟ್ಟರೆ ಎದೆ ಹಗುರಾಗುತ್ತದಂತೆ. ಅವಳದು ಆಗಲಿಲ್ಲ.

ಮರುದಿನ ಮೊದಲ ದೋಸೆ ಹಿಡಿದು ಕೆಳಗಿಳಿದು, ಕಾಂಪೌಂಡ್ ಗೋಡೆಯ ಮೇಲಿಟ್ಟು ಕಾಗೆಯನ್ನು ಕರೆದಳು. ಮೇಲೆ ಬಂದು ಕೈ ತೊಳೆದು, ನುಗ್ಗೆಸೊಪ್ಪಿನ ಎಸಳು ಹಿಡಿದು ಪಂಜರದ ಮುಂದೆ ನಿಂತಳು. ನಿತ್ರಾಣದಲ್ಲೂ ಜುಟ್ಟು ಅವಳನ್ನು ಕಂಡು ತಡವರಿಸುತ್ತ ಬಂತು. ಬೆರಳ ತುದಿಯಲ್ಲಿ ತುಪ್ಪ ಹುಡುಕಿತು. ಸಿಗದೆ ಹಿಂದೆ ಸರಿಯಿತು.

"ಒಂದೇ ದಿನಕ್ಕೆ ಅಭ್ಯಾಸ ಬಿಡುವುದಿಲ್ಲ ಅತ್ತೆ," ಎಂದಳು ವೀಕ್ಷಾ ಬೆನ್ನ ಹಿಂದಿನಿಂದ.

ಸರಸಮ್ಮ ತಿರುಗಿ ನೋಡಲಿಲ್ಲ. ಸೊಪ್ಪು ಹಿಡಿದ ಕೈಯನ್ನೂ ಹಿಂತೆಗೆಯಲಿಲ್ಲ.