ಮಗ್ಗ ನಿಂತ ಮೇಲೆ

ಗುಂಯ್ ಅನ್ನುತ್ತಿರುವುದು ಕಿವಿಯೋ ತಲೆಯ ಮೇಲಿನ ತಗಡೋ, ಕರೆಂಟು ಹೋದ ಮೇಲೂ ಮಗ್ಗದ ಪಟ್ಟಾ ಒಂದೆರಡು ಸುತ್ತು ತಿರುಗಿ ಈಗ ನಿಂತಿತು, ಲಾಳಿ ನೂಲಿನ ನಡುವೆಯೇ ಉಳಿದಿದೆ, ಆದರೆ ನನ್ನ ತುಟಿ ನಿಂತಿಲ್ಲ, ಬಾ ಒಳಗೆ, ಈ ಮೂಲೆಯಲ್ಲಿ ಒಲೆ ಹೂಡೋಣ, ಕಿಟಕಿಗೆ ಪರದೆ ಕಟ್ಟೋಣ, ಹೊರಗೊಂದು ಬೇವಿನ ಗಿಡ ಹಚ್ಚೋಣ, ನೀನಿಲ್ಲದೆ ನನಗೆ ಇಲ್ಲಿ — ಎಲ್ಲ ಹೇಳಿದೆ, ಮದುವೆಯಾದಂದಿನಿಂದ ಹೇಳದೆ ಇಟ್ಟುಕೊಂಡದ್ದನ್ನೆಲ್ಲ ಹೇಳಿದೆ, ಇನ್ನೂ ಹೇಳುತ್ತಲೇ ಇದ್ದೇನೆ, ಮತ್ತೆ ಈ ನಿಶ್ಶಬ್ದದಲ್ಲಿ ತುಟಿಯಿಂದ ಬರುತ್ತಿರುವುದು ಬರೀ ಉಸಿರು. ದನಿ ಇಲ್ಲ. ಆಗಲೂ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ನೀಲಗಂಗಾಗೆ ಕಂಡದ್ದು ಬಾಯಿ ತೆರೆದು ಮುಚ್ಚುವ ಗಂಡ ಮಾತ್ರ, ಮೀನಿನ ಹಾಗೆ. ಈಗ ಬಾಗಿಲಲ್ಲಿ ಬಿಸಿಲು ಬಿಟ್ಟರೆ ಯಾರೂ ಇಲ್ಲ.

ಮಿಲ್ಲಿನಲ್ಲಿ ಹೀಗೆಯೇ ಮಾತಾಡುವುದು, ಮಗ್ಗಗಳ ಅಬ್ಬರದಲ್ಲಿ ಕೂಗಿದರೆ ಗಂಟಲು ಹರಿಯುತ್ತದೆಯೇ ಹೊರತು ಕೇಳಿಸುವುದಿಲ್ಲ, ಹೊಸದಾಗಿ ಸೇರಿದವರಷ್ಟೇ ಕೂಗುತ್ತಾರೆ, ಹಳಬರು ತುಟಿ ಅಗಲಿಸಿ ಸದ್ದಿಲ್ಲದೆ ಹೇಳುತ್ತಾರೆ, ಕಣ್ಣಿನಿಂದ ಕೇಳಿಸಿಕೊಳ್ಳುತ್ತಾರೆ, ಮಗ್ಗ ರಿಪೇರಿಯ ಜಾಬರ ಭೀಮಣ್ಣ ಆ ತುದಿಯಿಂದ ಕೇಳುತ್ತಾನೆ, ಮಾಸ್ತರ, ಮುಂಜಾನಿ ಭಕ್ಕರಿ ಜೋಡಿ ಏನಿತ್ತು, ಈ ತುದಿಯಿಂದ ನಾನು ಅದೇ ಕಡಲೆಹಿಟ್ಟಿನ ಝುಣಕಾ ಅನ್ನುತ್ತೇನೆ, ದಿನಾ ಝುಣಕಾ ತಿಂದ್ರ ಕೂಸು ಹಳದಿ ಹುಟ್ತಾವ ನೋಡ್ರಿ ಅನ್ನುತ್ತಾನೆ, ನಡುವಿನ ಸಾಲೆಲ್ಲ ನಗುತ್ತದೆ, ನಗುವಿಗೂ ಸದ್ದಿಲ್ಲ. ಕಾಲೇಜಿನ ಅಷ್ಟೂ ವರ್ಷ ಬಾಯಿ ಬಿಡದೆ ಕೂತು ಪದವಿ ತಂದ, ಅದಕ್ಕೇ ಮಾಸ್ತರ ಅನ್ನಿಸಿಕೊಂಡ ನನಗೆ ಅದು ಹೇಳಿ ಮಾಡಿಸಿದ ಊರು, ಅಲ್ಲಿ ನಾನು ಮಾತುಗಾರ. ಅದನ್ನು ಬಿಟ್ಟು ಬಂದೆ, ಯಾಕೆಂದು ಭೀಮಣ್ಣ ಕೇಳಿದ, ಗೇಟಿನ ಹೊರಗೆ, ಮೊದಲ ಸಲ ಅವನ ದನಿ ಸರಿಯಾಗಿ ಕೇಳಿದೆ, ಕೀರಲು ದನಿ — ಒಂದ ಮಗ್ಗಕ್ಕ ಮಾಲಕ ಆಗೋದಂದ್ರ ಒಂದ ಕುರಿ ಕಟ್ಟಿ ಗೌಡ ಅನಿಸ್ಕೊಂಡಂಗ, ಮಾಸ್ತರ — ನಾನು ನಕ್ಕೆ, ಏನು ಹೇಳಲಿ, ಯಾರೋ ಬರೆದ ನಕ್ಷೆ, ಯಾರೋ ಆರಿಸಿದ ಬಣ್ಣ, ನನ್ನ ಕೈ ದಾಟಿದ ಚಾದರ ಯಾವ ಊರಿನಲ್ಲಿ ಯಾರು ಹೊದ್ದಿದ್ದರೂ ನನಗೆ ಗುರುತು ಸಿಗದು, ನನಗೆ ಬೇಕಾದದ್ದು ಒಂದೇ ಚಾದರ, ಸಂಕ್ರಾಂತಿಯ ಹೊತ್ತಿಗೆ ನಮ್ಮ ಕಂದಲಗಾಂವದ ಜೋಳದ ಹೊಲದ ಮೇಲೆ ಬರುವ ಆ ಬಿಳಿಹಸಿರು, ಊರೆಲ್ಲ ಟೆರಿಲಿನ್ನಿನ ಹುಚ್ಚಿನಲ್ಲಿರುವಾಗ ಹತ್ತಿಯಲ್ಲಿ ಆ ಬಣ್ಣ, ಅಂಚಿಗೆ ತೆನೆ. ಇದನ್ನು ಮಾವನವರಿಗೆ ಹೇಳುವುದು ಹೇಗೆ, ಅಕ್ಕಲಕೋಟದ ಕಾಳಿನ ಅಂಗಡಿಯ ಸಿದ್ದರಾಮಪ್ಪನವರು ಬಂದು, ಚಹಾ ಮುಟ್ಟದೆ, ಅಮೃತಪ್ಪ, ಮಿಲ್ಲಿನ ನೌಕರಿ ನೋಡಿ ಮಗಳನ್ನ ಕೊಟ್ಟೀವಿ, ಪತ್ರಾ-ತಗಡಿನ ಶೆಡ್ಡಿಗೆ ಕೊಟ್ಟಿಲ್ಲ, ನೀವು ಹೊಳ್ಳಿ ಮಿಲ್ಲಿಗೆ ಹೋದ ದಿವಸ ಆಕಿ ಹೊಳ್ಳಿ ಬರ್ತಾಳ ಅಂದರು. ನೀಲಗಂಗಾ ಟ್ರಂಕಿನ ಪಕ್ಕ ನಿಂತು ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ಚಹಾದ ಕಪ್ಪು ನೋಡುತ್ತಿದ್ದೆ, ಕೆನೆ ಕಟ್ಟುತ್ತಿತ್ತು.

ಅವಳು ಅಪ್ಪನ ಜೊತೆ ಹೋದಳು, ಆಮೇಲೆ ಈ ಮಾಳ, ಎಂಐಡಿಸಿ ಕೈಗಾರಿಕಾ ವಸಾಹತಿನ ಹೊಸ ಪ್ಲಾಟುಗಳು, ಜಾಲಿ ಮುಳ್ಳು, ದೂರ ದೂರ ಶೆಡ್ಡುಗಳು, ನಾನೇ ಲಾಳಿಯ ಕಂಡಿಕೆ ಸುತ್ತಿ, ನಾನೇ ನೂಲು ಕಟ್ಟಿ, ನಾನೇ ನೆಯ್ದು, ಮಗ್ಗದ ಆಚೆ ಬದಿಗೆ ತಲೆ ಎತ್ತಿ ಏನೋ ಅನ್ನುತ್ತೇನೆ, ಅಲ್ಲಿ ಸುಣ್ಣದ ಗೋಡೆ. ದಿನವೂ ಅಕ್ಕಲಕೋಟದ ಎಸ್.ಟಿ. ಬಸ್ಸು ಹಾದುಹೋಗುವುದು ಇದೇ ರಸ್ತೆಯಲ್ಲಿ, ಅವಳ ಊರಿನ ಧೂಳು ನನ್ನ ನೂಲಿನ ಮೇಲೆ ಕೂರುತ್ತದೆ, ಒರೆಸಲು ಮನಸ್ಸಾಗುವುದಿಲ್ಲ — ಇವತ್ತು ಬಸ್ಸು ನಿಂತಿತೇನೋ, ನನಗೆ ಕೇಳಿಸಲಿಲ್ಲ, ಬಾಗಿಲಲ್ಲಿ ನೆರಳಾಯಿತು, ಅವಳು, ಕೈಯಲ್ಲಿ ಚೀಲ, ಚೀಲದಿಂದ ಇಣುಕುವ ರೊಟ್ಟಿ ಹಂಚು, ಒಂದು ದಿನಕ್ಕೆ ಬಂದವರು ಹಂಚು ತರುವುದಿಲ್ಲ. ಅಪ್ಪಗ ಹೇಳದ ಬಂದೀನ್ರಿ, ಇಲ್ಲೇ ಇರ್ಲೇನ್ರಿ, ಹೊಳ್ಳಿ ಹೋಗ್ಲೇನ್ರಿ. ಅವಳ ತುಟಿಯಿಂದ ಒಂದಕ್ಷರ ಬಿಡದೆ ಓದಿದೆ. ಮಗ್ಗ ನಿಲ್ಲಿಸಬಹುದಿತ್ತು, ಹಿಡಿ ಎಳೆದರೆ ಸಾಕು, ಆದರೆ ನಿಲ್ಲಿಸಿ ಮತ್ತೆ ಬಿಟ್ಟಲ್ಲಿ ಬಟ್ಟೆಗೆ ಅಡ್ಡ ಒಂದು ಗೆರೆ ಬೀಳುತ್ತದೆ, ವ್ಯಾಪಾರಿಗೆ ತೋರಿಸುವ ಮೊದಲ ಚಾದರ, ಆ ಹಸಿರು ಇವತ್ತೇ ಸರಿಯಾಗಿ ಬಂದಿತ್ತು, ಅದಕ್ಕೇ ಕೈ ಹಿಡಿಯ ಮೇಲೆ ಇದ್ದೂ ಎಳೆಯಲಿಲ್ಲ, ತುಟಿಯಲ್ಲೇ ಹೇಳಿದೆ, ಬಾ ಅಂದೆ, ಒಲೆ ಅಂದೆ, ಬೇವು ಅಂದೆ, ದನಿ ಇಲ್ಲದ್ದರಿಂದಲೇ ಅಷ್ಟೆಲ್ಲ ಹೇಳಲಾಯಿತೋ ಏನೋ, ನಾಚಿಕೆ ಆಗಲಿಲ್ಲ, ಅವಳು ಸೆರಗು ಮೂಗಿಗೆ ಹಿಡಿದು ಕೇಳುತ್ತಿದ್ದಾಳೆ ಅಂದುಕೊಂಡೆ, ಹಾರಿ ಬಂದ ಹತ್ತಿಯ ಎಳೆಯೊಂದು ಅವಳ ಹುಬ್ಬಿಗೆ ಅಂಟಿತ್ತು, ಹುಬ್ಬು ಏರಿದಾಗ ಅದೂ ಏರಿತು, ಏನು ಅಂತ ಕೇಳುವ ಹಾಗೆ, ಅವಳು ಕೇಳುತ್ತಲೇ ಇದ್ದಳು, ಚೀಲ ಎತ್ತಿಕೊಂಡಳು, ಬೆನ್ನು ತಿರುಗಿಸಿದಳು, ನೆರಳಿಗೆ ಸರಿದಳು ಅಂದುಕೊಂಡೆ. ಈಗ ಕರೆಂಟು ಹೋಯಿತು, ಗೆರೆ ಹೇಗೂ ಬಿತ್ತು.

ಓಡುತ್ತಿದ್ದೇನೆ, ಚಪ್ಪಲಿ ಇಲ್ಲ, ಮುಳ್ಳು, ಅಗೋ ಕೆಂಪು ಎಸ್.ಟಿ. ಚಹಾದ ಅಂಗಡಿಯ ಹತ್ತಿರ ನಿಂತಿದೆ, ಮುಖ ಅಕ್ಕಲಕೋಟದ ಕಡೆಗೆ, ಹಿಂದೆ ಟಪ್ ಎಂದಿತು, ಕರೆಂಟು ಬಂದಿದೆ, ಹಿಡಿ ಎಳೆಯದೆ ಬಂದಿದ್ದೇನೆ, ನನ್ನ ಮಗ್ಗ ಒಂಟಿಯಾಗಿ ನೆಯ್ಯುತ್ತಿದೆ, ನಡುವೆ ನಿಂತಿದ್ದ ಲಾಳಿ ಈಗ ಹಾಸು ನೂಲನ್ನೆಲ್ಲ ಹರಿದಿರಬೇಕು, ಹರಿಯಲಿ, ಬಸ್ಸು ಜರುಗಿತು. ಕೊನೆಯ ಕಿಟಕಿಯಲ್ಲಿ ಅವಳು. ಗಾಜಿನ ಆಚೆ ತುಟಿ ಆಡುತ್ತದೆ, ಇಂಜಿನ್ನಿನ ಸದ್ದಿನಲ್ಲೂ ಓದುತ್ತೇನೆ, ಇರ್ಲಿ ಬಿಡ್ರಿ, ನನಗ ತಿಳೀತು. ತಿಳೀಲಿಲ್ಲ ನೀಲಾ, ತಿಳೀಲಿಲ್ಲ, ಗಂಟಲು ಬಿಚ್ಚಿಕೊಂಡಿತು, ಇರು ಅಂತ ಒದರಿದೆ, ಇಷ್ಟು ದೊಡ್ಡ ದನಿ ನನ್ನೊಳಗೆ ಎಲ್ಲಿತ್ತು, ಅಂಗಡಿಯವನು ನೀರು ಕಾಯಿಸುವ ಬಂಬಿನ ಹಿಂದಿನಿಂದ ತಲೆ ಹಾಕಿದ, ಯಾಕ್ರಿ ಮಾಸ್ತರ, ಕಳ್ಳ ಓಡ್ಯಾನೇನು, ಎಮ್ಮೆ ಕಾಯುವವರು ತಿರುಗಿದರು, ರಸ್ತೆಗೆಲ್ಲ ಕೇಳಿಸಿತು, ಗಾಜಿನ ಆಚೆಗೆ ಮಾತ್ರ ಇಲ್ಲ, ಅವಳು ನನ್ನ ಬಾಯಿಯನ್ನು ನೋಡುತ್ತಿದ್ದಾಳೆ, ಅದೇ ತೆರೆದು ಮುಚ್ಚುವ ಬಾಯಿ, ಧೂಳು ಎದ್ದಿತು, ಧೂಳಿನೊಳಗೆ ಗಾಜು, ಗಾಜಿನೊಳಗೆ ಹುಬ್ಬು, ಹುಬ್ಬಿನ ಮೇಲೆ ಆ ಬಿಳಿ ಎಳೆ, ಒರೆಸಿಕೊಂಡಿಲ್ಲ, ನನ್ನ ಹತ್ತಿ, ಏರಿದ್ದು ಇಳಿದಿಲ್ಲ, ಇನ್ನೂ ಕೇಳುತ್ತಲೇ ಇರುವ ಹುಬ್ಬಿನ ಮೇಲೆ ಬಿಳಿ ಎಳೆ, ಬಿಳಿ ಎಳೆ —